ಲೆಕ್ಕಕ್ಕೆ ಸಿಗದವರು ಯಾರು?

ಈ ವಾರ ಓದಿದ್ದು ಹಳೆಯ ಪುಸ್ತಕ. ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ 1986ರಲ್ಲಿ ಸ್ಪ್ಯಾನಿಷ್‌ನಲ್ಲಿ ಪ್ರಕಟಿಸಿದ್ದು. ಇಂಗ್ಲಿಷಿನಲ್ಲಿ ‘ದಿ ಅದರ್ ಪಾತ್’ ಅಂತ ಬಂತು. ಸರ್ಕಾರದ ಲೆಕ್ಕಕ್ಕೆ ಸಿಗದ ದುಡಿಮೆ ಯಾಕೆ ಇಷ್ಟೊಂದಿದೆ ಅಂತ ಕೇಳಿದರೆ, ಇವತ್ತಿಗೂ ಎಷ್ಟೋ ಜನ ಈ ಪುಸ್ತಕದ ಉತ್ತರವನ್ನೇ ಕೊಡ್ತಾರೆ. ಹಾಗಾಗಿ ಒಮ್ಮೆ ಸರಿಯಾಗಿ ಓದೋಣ ಅಂತ ಕೂತೆ.

ಪುಸ್ತಕದ ಜೀವ ಇರುವುದು ಒಂದು ಪ್ರಯೋಗದಲ್ಲಿ. ಲಿಮಾ ನಗರದಲ್ಲಿ ಬಟ್ಟೆ ಹೊಲಿಯುವ ಸಣ್ಣ ಕಾರ್ಖಾನೆಯೊಂದಕ್ಕೆ ಲೇಖಕರ ತಂಡ ಯಾರ ವಶೀಲಿಯೂ ಇಲ್ಲದೆ ಕಾನೂನು ಪ್ರಕಾರವೇ ಅರ್ಜಿ ಹಾಕುತ್ತಾ ಹೋಯಿತು. ಎಲ್ಲ ಪರವಾನಗಿ ಕೈಗೆ ಬರಲು 289 ದಿನ ಹಿಡಿಯಿತು. 10 ಸಲ ಲಂಚ ಕೇಳಿದರು. 2 ಸಲ ಕೊಡದೆ ವಿಧಿಯಿರಲಿಲ್ಲ. ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿ ಇಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡವರು ಕಳ್ಳತನಕ್ಕೆ ಹೊರಗೆ ನಿಂತವರಲ್ಲ, ಬಾಗಿಲು ತೆರೆಯದ್ದಕ್ಕೆ ನಿಂತವರು ಅನ್ನೋದು ಡಿ ಸೋಟೊ ವಾದ. ಬೀದಿ ವ್ಯಾಪಾರಿಯನ್ನು ಅಪರಾಧಿಯಂತೆ ನೋಡುವವರ ಬಾಯಿ ಮುಚ್ಚಿಸೋದಕ್ಕೆ ಇಷ್ಟು ಸಾಕು.

ಆದರೆ ಅನೌಪಚಾರಿಕ ದುಡಿಮೆಯ ಬಗ್ಗೆ ಅವರು ಬರೆದ ಮೂರು ಮುಖ್ಯ ಅಧ್ಯಾಯಗಳನ್ನು ನೋಡಿ: ವಸತಿ, ವ್ಯಾಪಾರ, ಸಾರಿಗೆ. ಎಲ್ಲವೂ ಬೀದಿಗೆ ಕಾಣುವಂಥವು. ಅಲ್ಲಿನ ನಾಯಕರು ಹೆಚ್ಚಾಗಿ ತಮ್ಮ ದುಡಿಮೆಗೆ ತಾವೇ ಯಜಮಾನರು. ಬೆಟ್ಟದೂರುಗಳಿಂದ ಅದೇ ಲಿಮಾಕ್ಕೆ ಬಂದು ಇನ್ನೊಬ್ಬರ ಮನೆ ಪಾತ್ರೆ ತಿಕ್ಕಿದ ಹೆಂಗಸರಿಗೆ ಒಂದು ಅಧ್ಯಾಯವಿಲ್ಲ. ಅವರಿಗೆ ಯಾವ ಪರವಾನಗಿಯೂ ಬೇಕಿರಲಿಲ್ಲ. ಹಾಗಾದರೆ ಅವರು ಲೆಕ್ಕದಿಂದ ಹೊರಗೆ ಉಳಿದದ್ದು ಹೇಗೆ?

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ಯಾಕಂದ್ರೆ ಒಂಬತ್ತು ವರ್ಷದಿಂದ ನಮ್ಮನೆ ಕೆಲಸಕ್ಕೆ ಬರ್ತಿರೋ ಹೆಂಗಸು ಅದೇ ವಾರ ಕೇಳಿದ್ದಳು: “ಅಕ್ಕಾ, ನಿಮ್ಮನೇಲಿ ಕೆಲ್ಸ ಮಾಡ್ತೀನಿ, ಸಂಬಳ ಇಷ್ಟು ಅಂತ ಒಂದು ಚೀಟಿ ಬರ್ಕೊಡಿ. ಸಾಲಕ್ಕೆ ಕೇಳ್ತಾವ್ರೆ.” ನಾನು “ನೋಡೋಣ” ಅಂದೆ. 289 ದಿನ ಬೇಕಿರಲಿಲ್ಲ, ಒಂದು ಹಾಳೆ, ಐದು ನಿಮಿಷ ಸಾಕಿತ್ತು. ಬರೆದುಕೊಟ್ಟರೆ ನಾನು ಕಾಗದದ ಮೇಲೆ ಕೆಲಸ ಕೊಟ್ಟವಳಾಗಿಬಿಡ್ತೀನಿ. ಆಮೇಲೆ ವಾರದ ರಜೆ, ಕನಿಷ್ಠ ವೇತನ ಅಂತ ಮಾತು ಬರುತ್ತದೆ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದೆ. ಆ ದರ ಎಷ್ಟು ಅಂತ ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಅಡಗಿದ್ದವಳು ಅವಳಲ್ಲ, ನಾನು.

ಡಿ ಸೋಟೊ ಕಣ್ಣಿಗೆ ಬೀಳದ್ದು ಇದೇ. ನಮ್ಮ ಸರ್ಕಾರಕ್ಕೂ ಬಿದ್ದಿಲ್ಲ. 2021ರಲ್ಲಿ ಬಂದ ಇ-ಶ್ರಮ್‌ನಲ್ಲಿ ಕೆಲಸಗಾರರು ತಮ್ಮ ವಿವರ ತಾವೇ ಕೊಟ್ಟು ಹೆಸರು ಬರೆಸಿಕೊಳ್ಳಬೇಕು. ಅವಳ ಹತ್ತಿರ ಆ ಕಾರ್ಡ್ ಇದೆ. ಅದಕ್ಕಾಗಿ ನಾನು ಎಲ್ಲೂ ಒಂದು ಸಹಿ ಹಾಕಿಲ್ಲ. ಬೆಲ್ಜಿಯಂ 2004ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಮನೆಯವರು ಸೇವಾ ಚೀಟಿ ಕೊಂಡು ಗಂಟೆ ಲೆಕ್ಕದಲ್ಲಿ ಕೊಡ್ತಾರೆ, ಉಳಿದ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಭರಿಸುತ್ತದೆ. ಕೆಲಸದವರು ಮಾನ್ಯತೆ ಪಡೆದ ಸಂಸ್ಥೆಯ ನೌಕರರು, ಸಾಮಾಜಿಕ ಭದ್ರತೆ ಉಳ್ಳವರು. ಖಜಾನೆಗೆ ದುಬಾರಿ, ನಿಜ. ನಮ್ಮಲ್ಲಿ ಹಾಗೇ ನಡೆಯುತ್ತದೆ ಅಂತಲೂ ಹೇಳಲಾರೆ. ಆದರೆ ಕೆಲಸ ಕೊಡುವವರನ್ನು ಅದು ಲೆಕ್ಕದೊಳಗೆ ಎಳೆದು ತಂದಿದೆ. ಕಾನೂನಿನ ದಾರಿ ಸಲೀಸಾಗಬೇಕು ಅನ್ನೋ ಡಿ ಸೋಟೊ ಮಾತು ಸರಿಯೇ. ಸಲೀಸು ಮಾಡಿ, ಆ ದಾರಿಯಲ್ಲಿ ನಮ್ಮಂಥವರನ್ನೂ ನಡೆಸಬೇಕು. ಪುಸ್ತಕವನ್ನು ಖಂಡಿತ ಓದಿ, ಅಡುಗೆಮನೆ ಕಡೆ ಒಂದು ಕಣ್ಣಿಟ್ಟು ಓದಿ.

ಚೀಟಿ ಕೊನೆಗೂ ಬರೆದುಕೊಟ್ಟೆ. ಅವಳು ನಿಧಾನವಾಗಿ ಓದಿಕೊಂಡು, “ಒಂಬತ್ತು ವರ್ಷ ಅಂತ ಹಾಕಿಲ್ವಲ್ಲಕ್ಕಾ?” ಅಂದಳು. ಹಾಳೆ ವಾಪಸ್ ತಗೊಂಡು ಸೇರಿಸಿದೆ. ಬಿಟ್ಟಿದ್ದು ಮರೆವಿನಿಂದ ಅಲ್ಲ ಅನ್ನೋದು ಇಬ್ಬರಿಗೂ ಗೊತ್ತಿತ್ತು.