ಸಾಹಸ ಉಳಿಯಿತು, ಹೆಸರು ಹೋಯಿತು

2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿರಬಹುದು. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಮಡಿದ ಕೊಡಗಿನ ವೈಮಾನಿಕ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಸಾಹಸವೇ ಅದರ ಮೂಲ. ಆದರೆ ಚಿತ್ರದ ಕಥೆಯಲ್ಲಿ ದೇವಯ್ಯ ಎಂಬ ಹೆಸರಿನವರು ಯಾರೂ ಇಲ್ಲ. ಅಲ್ಲಿರುವವನು ಟಿ. ಕೃಷ್ಣ ವಿಜಯ. ಹೆಸರು ಬದಲಾದರೆ ಏನಾಯಿತು, ಕಥೆ ಅದೇ ಅಲ್ಲವೇ ಎನ್ನುವವರುಂಟು. ಅವರು ಮೊದಲು ನಿಜ ಸಂಗತಿಯನ್ನು ತಿಳಿಯಬೇಕು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಠಾಣ್‌ಕೋಟ್ ನೆಲೆಯ ಮೇಲೆ ದಾಳಿ ಮಾಡಿದವು. ಮರುದಿನ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಸರಗೋಧಾ ನೆಲೆಯತ್ತ ಹೊರಟವು. ನಾಯಕತ್ವ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರದು. ಮೂವತ್ತೆರಡು ವರ್ಷದ ದೇವಯ್ಯ ಆ ದಿನ ಮೀಸಲು ವೈಮಾನಿಕ. ದಾಳಿ ಮುಗಿಸಿ ಮರಳುವ ಹೊತ್ತಿಗೆ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಅವರನ್ನು ಬೆನ್ನಟ್ಟಿತು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಅಮೆರಿಕನ್ ವಿಮಾನ; ಮಿಸ್ಟೇರ್ ಹಿಂದಿನ ತಲೆಮಾರಿನ ಫ್ರೆಂಚ್ ವಿಮಾನ. ದೇವಯ್ಯ ಹಿಂದಿರುಗಿ ಕಾದಾಡಿದರು. ಸ್ಟಾರ್‌ಫೈಟರ್ ಉರುಳಿತು, ಅದರ ವೈಮಾನಿಕ ಅಮ್ಜದ್ ಹುಸೇನ್ ಹೊರಕ್ಕೆ ಜಿಗಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ.

ಜೊತೆಗಾರರು ಮುಂದೆ ಸಾಗಿದ್ದರು. ಕಂಡವರಿಲ್ಲ, ಹೇಳುವವರಿಲ್ಲ. ನಮ್ಮ ದಾಖಲೆಗಳಲ್ಲಿ ಅವರು ‘ಕಾಣೆಯಾದವರು’ ಮಾತ್ರ ಆದರು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ, ಪಾಕಿಸ್ತಾನದ ಕಡೆಯಿಂದ ಆ ವಾಯುಯುದ್ಧದ ಬಗ್ಗೆ ಪುಸ್ತಕವೊಂದನ್ನು ಬರೆದ. ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಎಂಬ ಸಂಗತಿ ಅದರಿಂದ ಹೊರಬಿತ್ತು. ಅಲ್ಲಿ ಸಾಹಸವಿತ್ತು, ಹೆಸರಿರಲಿಲ್ಲ. ಮುಂಜಾನೆಯ ಆ ದಾಳಿಯಿಂದ ಹಿಂದಿರುಗದ ಮಿಸ್ಟೇರ್ ಒಂದೇ ಆಗಿದ್ದರಿಂದ, ಹೆಸರನ್ನು ನಮ್ಮವರು ಕೂಡಿಸಿಕೊಂಡರು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಹೀಗಾಗಿ ದೇವಯ್ಯನವರ ಕಥೆ ಎಂದರೆ ಒಂದು ಸಾಹಸಕ್ಕೆ ಅದರ ಹೆಸರು ಮರಳಿ ಸಿಕ್ಕಿದ ಕಥೆ. ಅದನ್ನೇ ಹೇಳಹೊರಟ ಚಿತ್ರ ಆ ಹೆಸರನ್ನೇ ಕೈಬಿಟ್ಟಿದೆ ಎಂಬುದು ನನ್ನ ಮುಖ್ಯ ಆಕ್ಷೇಪ.

ಚಿತ್ರದಲ್ಲಿ ಮೆಚ್ಚತಕ್ಕದ್ದು ಇಲ್ಲದಿಲ್ಲ. ಕಾಣೆಯಾದ ಕಿರಿಯನಿಗಾಗಿ ವರ್ಷಗಟ್ಟಲೆ ಹುಡುಕುವ ಹಿರಿಯ ಅಧಿಕಾರಿಯ ಪಾತ್ರದಲ್ಲಿ ಅಕ್ಷಯ್ ಕುಮಾರ್ ಸಂಯಮದಿಂದ ನಟಿಸಿದ್ದಾರೆ. ಕಥೆ ತೆರೆದುಕೊಳ್ಳುವುದು 1971ರಲ್ಲಿ ಸೆರೆಸಿಕ್ಕ ಪಾಕಿಸ್ತಾನಿ ವೈಮಾನಿಕನೊಬ್ಬನ ವಿಚಾರಣೆಯಿಂದ. ಶತ್ರುವಿನ ಬಾಯಿಂದ ನಮ್ಮವನ ಸುಳಿವು ಹೊರಡುವ ಈ ಹೊಂದಿಕೆ ನಿಜಕ್ಕೆ ಹತ್ತಿರವಾದದ್ದು. ಆ ಶತ್ರುವನ್ನು ರಾಕ್ಷಸನನ್ನಾಗಿ ಮಾಡದಿರುವುದೂ ಒಳ್ಳೆಯದೇ.

ವಿಜಯನ ಪಾತ್ರದಲ್ಲಿ ಚಿತ್ರ ಸೋತಿದೆ. ವೀರ್ ಪಹಾಡಿಯಾ ಅಭಿನಯಿಸಿದ ಈ ಪಾತ್ರ ಮೇಲಿನವರ ಮಾತು ಕೇಳದ, ಹುಮ್ಮಸ್ಸಿನ ತರುಣನದು. ನಿಜದ ದೇವಯ್ಯ 1954ರಲ್ಲಿ ವಾಯುಪಡೆ ಸೇರಿದವರು. ಹಾರಾಟ ಕಲಿಸುವ ಶಿಕ್ಷಕರಾಗಿದ್ದವರು. ಹತ್ತು ವರ್ಷಕ್ಕೂ ಮಿಕ್ಕಿದ ಅನುಭವವಿರುವಾತ ತನ್ನ ವಿಮಾನದ ಬಲವನ್ನೂ ಎದುರಾಳಿಯ ಬಲವನ್ನೂ ಅಳೆದು, ಬದುಕುವ ಅವಕಾಶ ಎಷ್ಟೆಂದು ತಿಳಿದೂ ತಿರುಗಿ ನಿಂತ. ಆ ತಿಳಿವಳಿಕೆಯ ಧೈರ್ಯ ದುಡುಕಿನ ಧೈರ್ಯಕ್ಕಿಂತ ದೊಡ್ಡದು. ಚಿತ್ರ ಅದನ್ನು ಸಣ್ಣದು ಮಾಡಿದೆ.

ಇನ್ನು ಹೆಸರಿನ ಮಾತು. ಕೊಡವರಲ್ಲಿ ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ‘ಅಜ್ಜಮಾಡ’ ಎಂದೊಡನೆ ಬಲ್ಲವರಿಗೆ ಆ ಒಕ್ಕ, ಅದರ ಐನ್‌ಮನೆ, ಅದರ ಹಿರಿಯರ ಸಾಲು ಕಣ್ಣಿಗೆ ಕಟ್ಟುತ್ತದೆ. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಕೊಟ್ಟ ನಾಡಿನ ಮಗ ಎಂಬುದು ಆ ಒಂದು ಪದದಲ್ಲಿ ಅಡಗಿದೆ. ‘ಟಿ. ಕೃಷ್ಣ ವಿಜಯ’ ಎಂಬಲ್ಲಿ ಇದಾವುದೂ ಇಲ್ಲ. ದಕ್ಷಿಣದವನೊಬ್ಬ ಎಂಬಷ್ಟೇ ಉಳಿಯಿತು. ಚಿತ್ರ ಬಂದಾಗ ಕೊಡವರಲ್ಲಿ ಕೆಲವರು ಆಕ್ಷೇಪ ಎತ್ತಿದ್ದು ಸಹಜ. ಮುಂಬಯಿಯಲ್ಲೋ ದೆಹಲಿಯಲ್ಲೋ ‘ಮದ್ರಾಸಿ’ ಎಂದು ಕರೆಸಿಕೊಂಡು, ನಾವು ಎಲ್ಲಿಯವರೆಂದು ಮತ್ತೆ ಮತ್ತೆ ಬಿಡಿಸಿ ಹೇಳಿದ ಹೊರನಾಡ ಕನ್ನಡಿಗರಿಗೆ ಆ ನೋವು ಹೊಸದಲ್ಲ.

ಸಿನಿಮಾದವರಿಗೆ ಸ್ವಾತಂತ್ರ್ಯ ಬೇಕು, ಕಲ್ಪನೆಯ ಸನ್ನಿವೇಶಗಳಿಗೆ ನಿಜದ ಹೆಸರು ಅಂಟಿಸುವುದು ಸರಿಯಲ್ಲ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಅದೇ ವೀರನ ಹೆಸರಿನಲ್ಲಿ ಜನರ ಮನ ಕಲಕಬೇಕು, ಹೆಸರು ಮಾತ್ರ ಬೇಡ ಎಂದರೆ ಹೇಗೆ? ಕಥೆಯ ಹೊರಗೆ ಎಲ್ಲಿ ಅಚ್ಚುಮಾಡಿದರೂ, ಮೂರನೆಯವರ ಮಾತಿನಲ್ಲಿ ಹತ್ತು ಸಲ ಕೇಳಿದ ಹೆಸರೇ ಪ್ರೇಕ್ಷಕನ ನೆನಪಿನಲ್ಲಿ ನಿಲ್ಲುತ್ತದೆ. ನಿಜ ಹೆಸರನ್ನಿಟ್ಟು, ಕಲ್ಪನೆಗೆ ಕಡಿವಾಣ ಹಾಕಿ ತೆಗೆದಿದ್ದರೆ ಚಿತ್ರದ ಗದ್ದಲ ಕಡಿಮೆಯಾಗುತ್ತಿತ್ತು, ತೂಕ ಹೆಚ್ಚುತ್ತಿತ್ತು.

ಮಡಿಕೇರಿಯಲ್ಲಿ ದೇವಯ್ಯನವರ ಪ್ರತಿಮೆಯಿದೆ. ರಜೆಗೆ ಊರ ಕಡೆ ಹೋಗುವವರು ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ಯಬೇಕು. ಚಿತ್ರ ನೋಡಿದ ಮಕ್ಕಳು ‘ಇವರು ಯಾರು?’ ಎಂದು ಕೇಳಿದರೆ ಪೂರ್ತಿ ಹೆಸರನ್ನೇ ಹೇಳಿಕೊಡಿ: ಅಜ್ಜಮಾಡ ಬೋಪಯ್ಯ ದೇವಯ್ಯ.