ಮಾತಿಲ್ಲದ ವಾಗ್ಗೇಯಕಾರ

ಸಂಗೀತವನ್ನು ಕುರಿತು ಕನ್ನಡದಲ್ಲಿ ಬರೆಯುವ ನಮಗೆ ಒಂದು ರೂಢಿ ಬಿದ್ದಿದೆ. ಹಾಡುವವರನ್ನು ಕುರಿತು ಬರೆಯುತ್ತೇವೆ. ಹಾಡಿನ ಸಾಹಿತ್ಯವನ್ನು ಕುರಿತು ಅದಕ್ಕಿಂತ ಹೆಚ್ಚು ಬರೆಯುತ್ತೇವೆ. ನುಡಿಸುವವರ ಸರದಿ ಬಂದಾಗ ಅವರ ಬಡತನವನ್ನೂ ಬಿರುದುಗಳನ್ನೂ ಹೇಳಿ ಕೈತೊಳೆದುಕೊಳ್ಳುತ್ತೇವೆ. ನಾಲ್ಕೈದು ಮಂದಿ ಕೂಡಿ ಊದುವುದಕ್ಕೆಂದೇ ಸಂಗೀತವನ್ನು ಕಟ್ಟುವವನೊಬ್ಬ ಇರುತ್ತಾನೆ, ಬೆಳಗಾದರೆ ಅವನಿಗೂ ಒಂದು ಕೆಲಸವಿರುತ್ತದೆ ಎಂಬುದು ನಮ್ಮ ವಿಮರ್ಶೆಯ ಗಮನಕ್ಕೆ ಬಂದುದನ್ನು ನಾನು ಕಾಣೆ. ಅವನನ್ನು ಏನೆಂದು ಕರೆಯಬೇಕೆಂಬುದೇ ಒಂದು ತೊಡಕು. ವಾಗ್ಗೇಯಕಾರ ಎನ್ನೋಣವೆಂದರೆ ಆ ಹೆಸರಿನ ಬಾಗಿಲಲ್ಲೇ ವಾಕ್ಕು ಕುಳಿತಿದೆ. ಊದುವವನ ಬಾಯಲ್ಲಿ ಮಾತಿಗೆ ಎಡೆಯೆಲ್ಲಿ?

ಈ ಹೆಸರಿಗೆ ಲಕ್ಷಣ ಹೇಳಿದವರಲ್ಲಿ ಮುಖ್ಯನಾದವನು 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ. ಅವನ 'ಸಂಗೀತ ರತ್ನಾಕರ'ದಲ್ಲಿ ನುಡಿಗೆ ಮಾತು ಎಂದೂ ನಾದದ ಕಟ್ಟಡಕ್ಕೆ ಧಾತು ಎಂದೂ ಹೆಸರು. ಎರಡರಲ್ಲೂ ಸಮರ್ಥನಾದವನು ಉತ್ತಮ. ಧಾತುವಿನಲ್ಲಿ ಗಟ್ಟಿಗನಾಗಿ ಮಾತಿನಲ್ಲಿ ಮಂದನಾದವನು ಮಧ್ಯಮ. ಮಾತನ್ನು ರಮ್ಯವಾಗಿ ಹೊಸೆದು ಧಾತುವಿನಲ್ಲಿ ಮಂದನಾದವನು? ಅವನು ಅಧಮ. ಕನ್ನಡ ಎಂ.ಎ. ಮಾಡಿ ಮಾತನ್ನೇ ನೆಚ್ಚಿ ಜೀವನ ಸಾಗಿಸುವ ನನ್ನಂಥವರು ಈ ತೀರ್ಪನ್ನು ಎರಡು ಸಲ ಓದಿಕೊಳ್ಳಬೇಕು. ಬೇರೊಬ್ಬರ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನಿಗೂ ಅವನಲ್ಲಿ ಹೆಸರುಂಟು, ಅವನು ಕುಟ್ಟಿಕಾರ. ಸಿನೆಮಾ ಧಾಟಿಗೆ ಭಜನೆ ಕಟ್ಟುವ ನಮ್ಮ ಮಂಡಳಿಗಳೆಲ್ಲ ಈ ಕುಟ್ಟಿಕಾರ ಸಂತತಿಯವೇ. ಶಾಸ್ತ್ರಕಾರ ಧಾತುವಿಗೆ ಮೇಲಿನ ಮಣೆ ಹಾಕಿದ. ನಾವು ಅದನ್ನು ಎಳೆದು ಮಾತಿಗೆ ಹಾಕಿಕೊಟ್ಟಿದ್ದೇವೆ.

ಇದು ನಮ್ಮ ಬೀದರ ಸೀಮೆಗೆ ಹೊರಗಿನ ಚರ್ಚೆಯಲ್ಲ. ಶಾರ್ಙ್ಗದೇವನಿಗಿಂತ ಸುಮಾರು ನೂರು ವರ್ಷ ಹಿಂದೆ, ಈಗ ಇದೇ ಜಿಲ್ಲೆಗೆ ಸೇರಿದ ಕಲ್ಯಾಣದಲ್ಲಿ, ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಗೀತವಿನೋದದ ಜೊತೆಗೆ ವಾದ್ಯವಿನೋದಕ್ಕೂ ಸ್ಥಳ ಕೊಟ್ಟ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದರು. ಬೀದರದ ಕೋಟೆಯಲ್ಲಿ ಇಂದಿಗೂ ನೌಬತ್‌ಖಾನೆ ಎಂದು ಹೆಸರಾದ ಕಟ್ಟಡವಿದೆ. ನೌಬತ್ತೆಂದರೆ ನಗಾರಿ, ಸುರನಾಯಿಗಳ ಮೇಳ. ಅಂಥ ಮೇಳಕ್ಕೆ ಸಂಗೀತ ತಾನಾಗಿ ಹುಟ್ಟುವುದಿಲ್ಲ, ಒಬ್ಬರು ಕಟ್ಟಿಕೊಡಬೇಕು. ಅಕ್ಬರ್ ಬಾದಶಹ ಸ್ವತಃ ಇನ್ನೂರಕ್ಕೂ ಹೆಚ್ಚು ಧಾಟಿಗಳನ್ನು ಕಟ್ಟಿದನೆಂದು ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ ನೌಬತ್ತಿನ ಪ್ರಸ್ತಾಪದಲ್ಲೇ ಹೇಳುತ್ತಾನೆ. ಬಾದಶಹನಾದ್ದರಿಂದ ಅವನ ಹೆಸರು ಉಳಿಯಿತು. ಬೀದರದ ನೌಬತ್‌ಖಾನೆಯ ಪಾಲಿಗೆ ಗೋಡೆ ಉಳಿದಿದೆ.

ಆ ಕಸುಬಿನ ಕುಡಿಯನ್ನು ಈಗ ಹುಡುಕಬೇಕಾದರೆ ಕೋಟೆಯನ್ನು ಬಿಟ್ಟು ಮದುವೆ ಹಂದರಕ್ಕೆ ಹೋಗಬೇಕು. ಸನಾಯಿ, ಸನಾದಿ, ಶಹನಾಯಿ ಎಂದು ಊರಿಗೊಂದು ಹೆಸರು; ವಾದ್ಯ ಅದೇ. ಭಾಲ್ಕಿಯ ಮದುವೆಗಳಲ್ಲಿ, ಔರಾದದ ಅಮರೇಶ್ವರನ ಜಾತ್ರೆಯ ಸುತ್ತಮುತ್ತ ನಾನು ಕೇಳಿದ ಮೇಳಗಳಲ್ಲಿ ಹಿರಿಯನೊಬ್ಬ ಮುಂದಿನ ಸನಾಯಿ ಹಿಡಿಯುತ್ತಾನೆ. ಒಬ್ಬನೋ ಇಬ್ಬರೋ ಅವನನ್ನು ಹಿಂಬಾಲಿಸುತ್ತಾರೆ. ಇನ್ನೊಬ್ಬನದು ಬರಿಯ ಸುರ, ಎಂದರೆ ಷಡ್ಜವೊಂದನ್ನೇ ಕಡಿಯದೆ ಹಿಡಿದಿರುವ ಕೆಲಸ. ಜೊತೆಗೆ ಚರ್ಮವಾದ್ಯ. ಸಭಾಭವನ ಬೇಡ, ವೇದಿಕೆ ಬೇಡ. ಒಂದು ಕೋಣೆಯಲ್ಲೋ ಹಂದರದ ಮೂಲೆಯಲ್ಲೋ ಕುಳಿತು ನುಡಿಸುವ ಸಣ್ಣ ಮೇಳ. ಇದೇ ಗಾತ್ರದ ಮೇಳದ ಸಂಗೀತಕ್ಕೆ ಯುರೋಪಿನವರು ಕೋಣೆಯ ಸಂಗೀತವೆಂದೇ ಹೆಸರಿಟ್ಟಿದ್ದಾರೆ.

ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿಯೊಬ್ಬರು ನಕ್ಕರು. "ಅವರು ಊದುವುದು ಸಿನೆಮಾ ಹಾಡು, ಅದರಲ್ಲಿ ರಚನೆ ಎಲ್ಲಿಂದ ಬಂತು?" ಎಂದರು. ಓದಿದವರಲ್ಲಿ ಈ ಅಭಿಪ್ರಾಯ ವ್ಯಾಪಕವಾಗಿರುವುದರಿಂದ ಇದಕ್ಕೆ ತುಸು ವಿಸ್ತಾರವಾಗಿಯೇ ಉತ್ತರ ಕೊಡಬೇಕು.

1782ರಲ್ಲಿ ವಿಯೆನ್ನಾದ ದೊರೆ ಎರಡನೆಯ ಜೋಸೆಫ್ ಎಂಟು ಮಂದಿ ಊದುಗರ ಮೇಳವೊಂದನ್ನು ತನ್ನ ಅರಮನೆಯಲ್ಲಿ ಸ್ಥಾಪಿಸಿದ: ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್, ಒಂದೊಂದರಲ್ಲಿ ಇಬ್ಬಿಬ್ಬರು. ಇಂಥ ಮೇಳಗಳು ಹೆಚ್ಚಾಗಿ ನುಡಿಸುತ್ತಿದ್ದುದು ಆಗ ಜನಪ್ರಿಯವಾಗಿದ್ದ ಗೀತನಾಟಕಗಳ ಹಾಡುಗಳನ್ನು. ಅಂದಿನ ಗೀತನಾಟಕವೆಂದರೆ ಇಂದಿನ ಸಿನೆಮಾವೇ ಸರಿ. ಅದೇ ವರ್ಷ ಜುಲೈ 16ರಂದು ಮೊಜಾರ್ಟನ ಹೊಸ ಗೀತನಾಟಕವೊಂದು ರಂಗವೇರಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅವನು ತಂದೆಗೆ ಕಾಗದ ಬರೆಯುತ್ತಾನೆ: ಮುಂದಿನ ವಾರದೊಳಗೆ ಇದನ್ನು ಊದುವ ವಾದ್ಯಗಳಿಗೆ ಒಗ್ಗಿಸಿ ಮುಗಿಸಬೇಕು, ತಡವಾದರೆ ಇನ್ನೊಬ್ಬ ಅದನ್ನು ಮಾಡಿ ಲಾಭ ಹೊಡೆದುಕೊಳ್ಳುತ್ತಾನೆ, ವಾದ್ಯಗಳಿಗೂ ಹೊಂದಬೇಕು, ಹಾಡಿನ ಪರಿಣಾಮವೂ ಕೆಡಬಾರದು, ಈ ಕೆಲಸ ಎಷ್ಟು ಕಷ್ಟವೆಂಬುದು ನಿಮಗೆ ತಿಳಿಯದು, ಎಂಬುದು ಅದರ ಸಾರಾಂಶ. ಹಾಡು ಅವನದೇ. ಆದರೂ ಅದನ್ನು ಊದುವವರಿಗೆ ಕೊಡುವಾಗ ಹೊಸದಾಗಿ ಕಟ್ಟಬೇಕಾಯಿತು.

ಕಷ್ಟವಾದರೂ ಯಾವ ಬಗೆಯದು? ಕೊಳಲಿನ ಕೆಳಗಿನ ಸ್ವರಗಳು ಮೆದು. ಓಬೋದ ಕೆಳಗಿನ ಸ್ವರಗಳು ಒರಟು, ಎಷ್ಟು ಮೆಲ್ಲಗೆ ಊದಿದರೂ ಮೇಲೆ ಬೀಳುತ್ತವೆ. ಇವೆರಡನ್ನೂ ಒಂದೇ ಎತ್ತರದಲ್ಲಿ ಬರೆದರೆ ಕೊಳಲು ಮುಳುಗಿತೆಂದೇ ತಿಳಿಯಬೇಕು. ಕೊಳಲಿನವನಿಗೆ ಉಸಿರು ಸಾಲದೆ ಬರುತ್ತದೆ. ಓಬೋದವನ ಪಾಡು ಇದಕ್ಕೆ ವಿರುದ್ಧ. ಅದರ ಪತ್ತಿಯ ಬಿರುಕು ಎಷ್ಟು ಇಕ್ಕಟ್ಟೆಂದರೆ ಎದೆಯಲ್ಲಿ ಹಳೆಯ ಗಾಳಿ ತುಂಬಿಕೊಂಡು ಹೊರಗೆ ಹೋಗಲು ಚಡಪಡಿಸುತ್ತದೆ. ಹೊಸದನ್ನು ಎಳೆದುಕೊಳ್ಳುವ ಮೊದಲು ಇದನ್ನು ಬಿಡಲು ಅವನಿಗೆ ಬಿಡುವು ಬೇಕು. ಪಿಟೀಲಿಗೆ ಬರೆಯುವವನಿಗೆ ಇದರ ಚಿಂತೆಯಿಲ್ಲ, ಕಮಾನು ಉಸಿರಾಡುವುದಿಲ್ಲ. ಊದುವವರಿಗೆ ಬರೆಯುವವನ ದಿನದ ಬಹುಭಾಗ ಈ ಲೆಕ್ಕದಲ್ಲೇ ಕಳೆಯುತ್ತದೆ.

ಅದರ ಮೇಲೆ ಊದುವವನ ಸ್ವಭಾವವೊಂದು. ಡೆನ್ಮಾರ್ಕಿನ ಕಾರ್ಲ್ ನೀಲ್ಸನ್ 1921ರಲ್ಲಿ ಸ್ನೇಹಿತನಿಗೆ ದೂರವಾಣಿ ಮಾಡಿದಾಗ ಆ ತುದಿಯಲ್ಲಿ ಕೋಪನ್‌ಹೇಗನ್ನಿನ ಊದುಗರು ಮೊಜಾರ್ಟನ ಕೃತಿಯೊಂದನ್ನು ಅಭ್ಯಾಸ ಮಾಡುತ್ತಿದ್ದುದು ಕಿವಿಗೆ ಬಿತ್ತು. ಮರುವರ್ಷ ಅವನು ಅವರಿಗಾಗಿ ಪಂಚಕವೊಂದನ್ನು ಬರೆದ; ಕೊಳಲು, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್. ಆ ಐವರು ಎಂಥ ಮನುಷ್ಯರೆಂಬುದನ್ನು ನೋಡಿ ಬರೆದ ಸಂಗೀತ ಅದು. ಕಡೆಯ ಭಾಗಕ್ಕೆ ತಾನೇ ಹಿಂದೆ ಕಟ್ಟಿದ್ದ ಭಕ್ತಿಗೀತೆಯೊಂದರ ಧಾಟಿಯನ್ನು ಎತ್ತಿಕೊಂಡು ಅದನ್ನು ಐದು ಬಾಯಿಗಳಲ್ಲಿ ಬಗೆಬಗೆಯಾಗಿ ತಿರುವಿದ. ಆಮೇಲೆ ಐವರಿಗೂ ಒಂದೊಂದು ದೊಡ್ಡ ಕೃತಿ ಬರೆಯಬೇಕೆಂದುಕೊಂಡವನು ಕೊಳಲಿಗೆ 1926ರಲ್ಲಿ, ಕ್ಲಾರಿನೆಟ್ಟಿಗೆ 1928ರಲ್ಲಿ ಬರೆದು ಮುಗಿಸಿ, 1931ರಲ್ಲಿ ತೀರಿಕೊಂಡ. ಉಳಿದ ಮೂವರ ಪಾಲು ಹಾಗೇ ಉಳಿಯಿತು.

ಭಾಲ್ಕಿಯಲ್ಲಿ ಒಂದು ಸಂಜೆ ಸನಾಯಿ ಮೇಳವೊಂದು ಮರುದಿನದ ಮದುವೆಗೆ ಸಿದ್ಧವಾಗುತ್ತಿದ್ದುದನ್ನು ನೋಡುತ್ತ ಕುಳಿತಿದ್ದೆ. ಮೇಳದ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ವಾದ್ಯದ ರಂಧ್ರವೊಂದಕ್ಕೆ ಮೇಣ ಮೆತ್ತಿ ಸ್ವರ ಸರಿಮಾಡಿಕೊಂಡು, ಬೀಗರು ಕೇಳಿದ್ದ ಸಿನೆಮಾ ಹಾಡನ್ನು ಹಿಡಿದರು. ಚರಣದ ಸ್ವರ ಸನಾಯಿಯ ಮೇಲಿನ ಅಂಚನ್ನೂ ದಾಟುತ್ತಿತ್ತು. ಅವರು ಹಾಡನ್ನೇ ಕೆಳಗಿಳಿಸಲಿಲ್ಲ. ಆ ಒಂದು ತುಣುಕನ್ನು ಮಾತ್ರ ಮಂದ್ರಕ್ಕೆ ಮಡಚಿ, ಎರಡನೆಯ ಸನಾಯಿಯ ಹುಡುಗನ ಕೈಗೆ ಕೊಟ್ಟರು. ಸಿನೆಮಾದಲ್ಲಿ ಪಿಟೀಲುಗಳು ತುಂಬುವ ತೆರಪಿಗೆ ತಾವೇ ಒಂದು ಸಣ್ಣ ಸವಾಲು-ಜವಾಬು ಹೊಸೆದರು. ಹುಡುಗ ಮೂರು ಸಲವೂ ಅವರು ನಿಲ್ಲಿಸಿದಲ್ಲೇ ನಿಲ್ಲಿಸಿದ. "ತಮ್ಮಾ, ನನ್ನ ಉಸುರು ಮುಗಿಯೋ ಕಡಿ ನಿನ್ನ ಉಸುರು ಮುಗೀಬಾರ್ದು. ನಾ ನಿಂತಾಗ ನೀ ನಡಿ, ನೀ ನಿಂತಾಗ ನಾ ನಡೀತೀನಿ" ಎಂದರು. ಸಿಟ್ಟಿಲ್ಲ. ಆದರೆ ಮತ್ತೆ ಮೊದಲಿನಿಂದ.

ಬಿಡುವಿನಲ್ಲಿ ನಾನು, ಕಾಕಾ, ಇದನ್ನೆಲ್ಲ ಹೇಗೆ ಗೊತ್ತುಮಾಡುತ್ತೀರಿ ಎಂದು ಕೇಳಿದೆ. "ಹಾಡೋರಿಗಿ ಮಾತು ಇರ್ತಾವ್ರಿ ಸರ್, ಮಾತಿನ ನಡುವ ಉಸುರು ತಗೋತಾರ. ನಮಗ ಮಾತೇ ಇಲ್ಲ. ಉಸುರಿಗಿ ಜಾಗಾ ನಾವೇ ಮಾಡ್ಬೇಕ್ರಿ" ಎಂದರು. ಹಾಡಿನಿಂದ ಮಾತು ಕಳಚಿದೊಡನೆ ಅದರ ಜೊತೆಗೆ ಉಸಿರಿನ ತಾಣಗಳೂ ಕಳಚಿಹೋಗುತ್ತವೆ, ಅವನ್ನು ಹೊಸದಾಗಿ ಹುಡುಕುವುದೇ ಊದುವ ಸಂಗೀತದ ರಚನೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಪುಸ್ತಕವನ್ನು ನಾನು ಓದಿಲ್ಲ. ಮೊಜಾರ್ಟ್ ತಂದೆಗೆ ಹೇಳಿಕೊಂಡ ಕಷ್ಟದಲ್ಲಿ ಇದೂ ಒಂದಿದ್ದೀತು.

ಅವರ ಕೆಲಸದಲ್ಲಿ ಅತ್ಯಂತ ಬಿಗಿಯಾದದ್ದು ಅಕ್ಕಿಕಾಳಿನ ಹೊತ್ತಿನದು. ಮಂಗಲಾಷ್ಟಕ ಎಷ್ಟು ಹೊತ್ತು ನಡೆಯುತ್ತದೆಂದು ಯಾರೂ ಹೇಳಲಾರರು. ಮುಹೂರ್ತಕ್ಕೆ ಇನ್ನೂ ಸಮಯವಿದ್ದರೆ ಪುರೋಹಿತರು ಬೆಳೆಸುತ್ತಾರೆ, ಮೀರುವಂತಿದ್ದರೆ ಮೊಟಕುಗೊಳಿಸುತ್ತಾರೆ. ಪದ್ಯಪದ್ಯದ ಕೊನೆಗೂ "ಸಾವಧಾನ" ಎಂದಾಗ ಮೇಳ ಒಂದು ಕ್ಷಣ ಎದ್ದು ಮತ್ತೆ ಅಡಗಬೇಕು. ಕೊನೆಯದಕ್ಕೆ ಎಲ್ಲರೂ ಒಮ್ಮೆಗೇ ಹಾರಿಸಬೇಕು. ಎಲ್ಲಿ ಬೇಕಾದರೂ ಕತ್ತರಿಸಬಹುದಾದ, ಎಲ್ಲಿ ಕತ್ತರಿಸಿದರೂ ಕತ್ತರಿಸಿದಂತೆ ಕೇಳಿಸದ ಒಂದು ರಚನೆ ಅದಕ್ಕೆ ಬೇಕು. ಕಾಕಾ ಅದನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಕಟ್ಟಿದ್ದರು, ಪ್ರತಿಯೊಂದು ತುಂಡೂ ಷಡ್ಜಕ್ಕೆ ಒಂದು ಹೆಜ್ಜೆ ದೂರದಲ್ಲಿ ನಿಲ್ಲುವಂತೆ. ಸುರದವನು ಕೆನ್ನೆಯಲ್ಲಿ ಗಾಳಿ ಹಿಡಿದು ಮೂಗಿನಿಂದ ಉಸಿರೆಳೆಯುತ್ತ ಷಡ್ಜವನ್ನು ಬಿಡದೆ ಇರುವುದರಿಂದ, ಯಾವ ತುಂಡು ಎಲ್ಲಿ ನಿಂತರೂ ಮನೆ ಹತ್ತಿರದಲ್ಲೇ ಇದೆಯೆಂದು ಕಿವಿಗೆ ಭಾಸವಾಗುತ್ತದೆ. ಸುರದವನನ್ನು ಮೇಳದ ದಡ್ಡನೆಂದು ತಿಳಿಯುವವರು ಇದನ್ನು ಗಮನಿಸಬೇಕು.

ನಮ್ಮ ಕಥೆಗಳೂ ಚಿತ್ರಗಳೂ ಈ ಮನುಷ್ಯನನ್ನು ಎಷ್ಟು ಕಂಡಿವೆ? ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯಿಂದ 1977ರಲ್ಲಿ ವಿಜಯ್ ನಿರ್ದೇಶಿಸಿದ 'ಸನಾದಿ ಅಪ್ಪಣ್ಣ' ಚಿತ್ರದ ಉಪಕಾರ ದೊಡ್ಡದು. ರಾಜಕುಮಾರರ ಅಭಿನಯ, ಜಿ.ಕೆ. ವೆಂಕಟೇಶರ ಸಂಗೀತ, ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ಕೂಡಿ ಆ ವಾದ್ಯಕ್ಕೆ ಕನ್ನಡನಾಡಿನಲ್ಲಿ ತಂದುಕೊಟ್ಟ ಗೌರವವನ್ನು ಮರೆಯಲಾಗದು. ಆದರೆ ಚಿತ್ರ ಮುಗಿದ ಮೇಲೆ ನಾವು ಮನೆಗೆ ಒಯ್ಯುವುದು ಕಲಾವಿದನ ಬಾಳಿನ ನೋವನ್ನು. ನಾದ ಅವನಿಗೆ ದೈವದತ್ತ, ಮಳೆಯಂತೆ ಸುರಿಯುತ್ತದೆ. ಮೇಣ, ಪತ್ತಿ, ಎರಡನೆಯವನ ಉಸಿರು, ಇವುಗಳ ಜೊತೆ ಅವನ ಗುದ್ದಾಟ ಕಥೆಯ ಕಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲ. ಬಿದರಿ ಕೆಲಸದವನ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ. ಸತು-ತಾಮ್ರದ ಎರಕ ಹೊಯ್ದದ್ದು, ಗೆರೆ ಕೆತ್ತಿದ್ದು, ಬೆಳ್ಳಿಯ ತಂತಿ ಕೂರಿಸಿದ್ದು, ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ್ದು, ಎಲ್ಲವನ್ನೂ ಬೀದರಕ್ಕೆ ಬಂದ ಅತಿಥಿಗೆ ಬಾಯಿಪಾಠ ಒಪ್ಪಿಸುತ್ತೇವೆ. ಅಲ್ಲಿ ಸ್ಫೂರ್ತಿಯ ಮಾತೇ ಬರುವುದಿಲ್ಲ, ಕೆಲಸದ ಮಾತು ಬರುತ್ತದೆ. ಸನಾಯಿಗೂ ಅಂಥದೇ ಮಾತು ಬೇಕೆಂದು ನನ್ನ ವಾದ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಮದುವೆಗಳಲ್ಲಿ ಬ್ಯಾಂಡ್ ಸೆಟ್ಟು ಬಂತು, ಅದರ ಹಿಂದೆ ಡಿಜೆ ಬಂತು. ಅವುಗಳ ಮೇಲೆ ನನಗೆ ಮುನಿಸಿಲ್ಲ. ಬ್ಯಾಂಡಿನ ಕ್ಲಾರಿನೆಟ್ಟಿನವನೂ ಉಸಿರಿನ ಲೆಕ್ಕದವನೇ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಂಥ ಪರದೇಶದ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದನ್ನು ಕಂಡ ನಾವು ವಾದ್ಯದ ಜಾತಿ ಕೇಳಬಾರದು. ಆದರೆ ಸನಾಯಿಯ ಹಿರಿಯನೊಬ್ಬ ಹೋದಾಗ ಹೋಗುವುದು ಏನು? ಹಾಡು ಹೋಗುವುದಿಲ್ಲ, ಸಿನೆಮಾದಲ್ಲಿರುತ್ತದೆ. ರಾಗ ಹೋಗುವುದಿಲ್ಲ. ಆ ನಾಲ್ಕೈದು ಮಂದಿಗೆ ಅವನು ಹಂಚಿಕೊಟ್ಟ ಕಟ್ಟಡ ಹೋಗುತ್ತದೆ.

ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಇಬ್ಬರು ಸನಾಯಿಯವರು ಉಸಿರನ್ನು ಒಬ್ಬರಿಗೊಬ್ಬರು ದಾಟಿಸುವ ಜಾಣ್ಮೆಯೆಲ್ಲ ಅದು ಕೇಳಿಸದಂತೆ ಮಾಡುವುದರಲ್ಲಿದೆ. ಕೆಲಸ ಚೆನ್ನಾದಷ್ಟೂ ಮುದ್ರಣದಲ್ಲಿ ಅದರ ಜಾಡು ಸಿಕ್ಕುವುದಿಲ್ಲ. ಇಬ್ಬರೂ ಒಬ್ಬರಂತೆ ಕೇಳಿಸುತ್ತಾರೆ. ಎದುರು ಕುಳಿತು, ಯಾರದು ಯಾವ ಸ್ವರ, ಯಾರು ಎಲ್ಲಿ ನಿಂತರು ಎಂದು ಕೇಳಿ ಬರೆದುಕೊಳ್ಳುವುದೊಂದೇ ದಾರಿ. ಬರೆದರೆ ಜೀವ ಹೋಗುತ್ತದೆಂಬ ಆಕ್ಷೇಪ ಹಳೆಯದು. ನೀಲ್ಸನ್ನನ ಪಂಚಕ ಬರೆದದ್ದೇ, ಅದರ ಜೀವ ಹೋಗಿಲ್ಲ. ಇನ್ನು ಬರೆಹದ ಬೆಲೆಯನ್ನು ಈ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡದ ಅಕ್ಷರ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನಾಡು ಇದು.

ಭಾತಖಂಡೆಯವರ ಸ್ವರಲಿಪಿ ಒಬ್ಬನ ಹಾಡಿಗೆ ಸಾಕು. ಇಲ್ಲಿ ಒಂದರ ಕೆಳಗೊಂದು ಮೂರು ನಾಲ್ಕು ಸಾಲು ಬೇಕು, ತಾಳದ ಗುರುತು ಎಲ್ಲಕ್ಕೂ ಒಂದೇ ನೇರದಲ್ಲಿ. ಉಸಿರಿಗೆ ಒಂದು ಚಿಹ್ನೆ ಬೇಕು; ಪಾಶ್ಚಾತ್ಯರು ಅದಕ್ಕೆ ಅಲ್ಪವಿರಾಮವನ್ನೇ ಸಾಲಿನ ಮೇಲೆ ಇಡುತ್ತಾರೆ. ಕನ್ನಡ ಗದ್ಯವೂ ಅಚ್ಚಿನ ಕಾಲದಲ್ಲಿ ಆ ಗುರುತನ್ನು ಅವರಿಂದಲೇ ಪಡೆಯಿತಷ್ಟೆ, ಇನ್ನೊಮ್ಮೆ ಪಡೆಯಲು ಸಂಕೋಚವೇಕೆ? ಸಂಗೀತ ಬಲ್ಲ ಒಬ್ಬರು, ಇಲ್ಲಿಯ ನುಡಿ ಬಲ್ಲ ಒಬ್ಬರು ಜೊತೆಗೂಡಿದರೆ ಅಕ್ಕಿಕಾಳಿನ ಆ ತುಂಡುಗಳಿಂದಲೇ ಮೊದಲು ಮಾಡಬಹುದು. ಮೇಲಿನ ಸಾಲು ಕಾಕಾನದು. ಅದರ ಕೆಳಗೆ ಹುಡುಗನದು, ಅಲ್ಪವಿರಾಮಗಳು ಮೇಲಿನ ಸಾಲಿನವಕ್ಕೆ ಎಲ್ಲೂ ಎದುರುಬದುರಾಗದಂತೆ. ಎಲ್ಲಕ್ಕಿಂತ ಕೆಳಗೆ ಸುರದವನದು, ಪುಟದ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಗೆರೆ, ಅದರ ಮೇಲೆ ಒಂದು ಅಲ್ಪವಿರಾಮವೂ ಇಲ್ಲ.