ಹನ್ನೆರಡು ಹೊಸಬರು, ಒಬ್ಬ ಸೆಂಟರ್

ಕೆಂಟಕಿ ವಿಶ್ವವಿದ್ಯಾಲಯದ 2024-25ರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಿಕ್ಕ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ತಪ್ಪು ಕಾರಣಕ್ಕೆ ಸಿಕ್ಕದ್ದು. ತೆಗಳಿಕೆಯೂ ಅಷ್ಟೆ. ಹೊಗಳಿದವರಿಗೆ ಡ್ಯೂಕ್ ವಿರುದ್ಧದ ಒಂದು ಗೆಲುವು ಸಾಕಾಯಿತು, ತೆಗಳಿದವರಿಗೆ ಆಟಗಾರರ ಪಟ್ಟಿಯೇ ಸಾಕಾಯಿತು. ನಡುವೆ ಅಂಕಣದಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಗೋಜಿಗೆ ಹೋದವರು ಕಡಿಮೆ. ನಾನು ಈ ತಂಡದ ಅಭಿಮಾನಿ, ಅದನ್ನು ಮುಚ್ಚಿಡುವುದೇನಿಲ್ಲ. ಆದರೆ ಮೊದಲ ಕೆಲವು ಪಂದ್ಯಗಳಲ್ಲಿ ನನಗೆ ಹಿಡಿಸಿದ್ದು ಗೆಲುವಲ್ಲ, ಮೂರು ಪಾಯಿಂಟಿನ ಮಳೆಯೂ ಅಲ್ಲ. ಏಳಡಿಗೆ ಹತ್ತಿರ ಎತ್ತರದ ಒಬ್ಬ ಎಡಗೈ ಸೆಂಟರ್ ಚೆಂಡು ಹಿಡಿದು ಸುಮ್ಮನೆ ನಿಲ್ಲುತ್ತಿದ್ದ ರೀತಿ.

ಹಿನ್ನೆಲೆ ಗೊತ್ತಿರುವುದೇ. ಹದಿನೈದು ವರ್ಷ ಕೋಚ್ ಆಗಿದ್ದ ಜಾನ್ ಕ್ಯಾಲಿಪಾರಿ, ರಾಷ್ಟ್ರೀಯ ಟೂರ್ನಿಯಲ್ಲಿ ಓಕ್ಲೆಂಡ್ ಎದುರು ಮೊದಲ ಸುತ್ತಿನಲ್ಲೇ ಸೋತ ಮೇಲೆ, 2024ರ ಏಪ್ರಿಲ್‌ನಲ್ಲಿ ಅರ್ಕನ್ಸಾಗೆ ಹೊರಟರು. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಆಟಗಾರರಾದ ಡಿ.ಜೆ. ವ್ಯಾಗ್ನರ್, ಅಡೂ ಥಿಯೆರೊ ಕ್ಯಾಲಿಪಾರಿಯ ಹಿಂದೆ ನಡೆದರು, ಕೆಂಟಕಿಗೆ ಬರುತ್ತೇನೆಂದು ಒಪ್ಪಿದ್ದ ಹೈಸ್ಕೂಲ್ ಹುಡುಗರೂ ದಾರಿ ಬದಲಿಸಿದರು. 1996ರ ಚಾಂಪಿಯನ್ ತಂಡದ ನಾಯಕ ಮಾರ್ಕ್ ಪೋಪ್ ಕೋಚ್ ಆಗಿ ಬಂದಾಗ ಸ್ಕಾಲರ್‌ಶಿಪ್ ಪಡೆದ ಹಳೆಯ ಆಟಗಾರ ಒಬ್ಬನೂ ಉಳಿದಿರಲಿಲ್ಲ. ಎಂಟು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಸಂಸ್ಥೆಯ ಪಟ್ಟಿ ಖಾಲಿ ಹಾಳೆ. ಪೋಪ್ ಅದನ್ನು ತುಂಬಿದ್ದು ಬೇರೆ ಕಾಲೇಜುಗಳಿಂದ ಬಂದ ಒಂಬತ್ತು ಜನರಿಂದ ಮತ್ತು ಮೂವರು ಹೊಸ ವಿದ್ಯಾರ್ಥಿಗಳಿಂದ.

ಆ ಪಟ್ಟಿಯನ್ನು ಓದಿದವರೆಲ್ಲ ಓದಿದ್ದು ಕಾಲೇಜಿನ ಹೆಸರುಗಳನ್ನು. ಲಮಾಂಟ್ ಬಟ್ಲರ್ ಸ್ಯಾನ್ ಡಿಯೆಗೊ ಸ್ಟೇಟ್‌ನಿಂದ, ಆಂಡ್ರೂ ಕಾರ್ ವೇಕ್ ಫಾರೆಸ್ಟ್‌ನಿಂದ, ಒಟೇಗಾ ಒವೇ ಓಕ್ಲಹೋಮಾದಿಂದ, ಕೋಬಿ ಬ್ರೇಯಾ ಡೇಟನ್‌ನಿಂದ, ಅಮಾರಿ ವಿಲಿಯಮ್ಸ್ ಡ್ರೆಕ್ಸೆಲ್‌ನಿಂದ. ಡ್ರೆಕ್ಸೆಲ್! ಕೆಂಟಕಿಯ ಅಭಿಮಾನಿ ಆ ಸಣ್ಣ ತಂಡದ ಹೆಸರು ಕೇಳಿ ಮೂಗು ಮುರಿದದ್ದು ಸಹಜ. ಕ್ಯಾಲಿಪಾರಿ ಕಾಲದಲ್ಲಿ ಇಲ್ಲಿಗೆ ಬರುತ್ತಿದ್ದವರು ಮರುವರ್ಷವೇ ಎನ್‌ಬಿಎಗೆ ಹೋಗುವ ಹುಡುಗರು. ಈಗ ಬೇರೆ ಕಾಲೇಜುಗಳಿಂದ ಬಂದವರಲ್ಲಿ ಬಹುಪಾಲು ಕಾಲೇಜಿನಲ್ಲಿ ಐದನೇ ವರ್ಷ ಆಡುವವರು, ಕೋವಿಡ್ ಕಾಲದ ಆಟಗಾರರಿಗೆ ಕೊಟ್ಟ ಹೆಚ್ಚುವರಿ ವರ್ಷದ ಫಲಾನುಭವಿಗಳು. ಉಳಿದದ್ದನ್ನು ಬಾಚಿಕೊಂಡು ಕಟ್ಟಿದ ತಂಡ ಎಂಬ ಮಾತು ಬೇಸಿಗೆಯಲ್ಲೇ ಶುರುವಾಯಿತು.

ಈ ಮಾತಾಡಿದ ವಿಮರ್ಶಕರ ಜೊತೆ ನನಗೆ ಜಗಳವಿದೆ. ಅವರಲ್ಲಿ ಒಂದು ಪಂಗಡದ ದುಃಖ ಏನೆಂದರೆ ಇದು ಕಾಲೇಜು ಆಟವೇ ಅಲ್ಲ, ಬಾಡಿಗೆ ಬಂಟರ ಕೂಟ. ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದೆಂಬ ನಿಯಮ ಬಂದಿದೆ, 2021ರಿಂದ ಹೆಸರು ಮತ್ತು ಮುಖದ ಮೇಲೆ ದುಡ್ಡು ಮಾಡುವ ಅನುಮತಿಯೂ ಇದೆ, ಹೀಗಿರುವಾಗ ನಿಷ್ಠೆ ಎಲ್ಲಿ ಎಂಬುದು ಅವರ ಪ್ರಶ್ನೆ. ಕೇಳಲು ಚೆನ್ನಾಗಿದೆ. ಆದರೆ ಇದೇ ಜನ 2012ರ ಚಾಂಪಿಯನ್ ಕೆಂಟಕಿ ತಂಡವನ್ನು ನೆನೆದು ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಆ ತಂಡದ ಆಂಟನಿ ಡೇವಿಸ್, ಮೈಕಲ್ ಕಿಡ್-ಗಿಲ್‌ಕ್ರಿಸ್ಟ್, ಮಾರ್ಕ್ವಿಸ್ ಟೀಗ್ ಎಷ್ಟು ಕಾಲ ಇದ್ದರು? ಒಂದೇ ಒಂದು ಸೀಸನ್. ಬಿಟ್ಟು ಎನ್‌ಬಿಎಗೆ ಹೋದರೆ ಅದು ಮಹತ್ವಾಕಾಂಕ್ಷೆ, ಡ್ರೆಕ್ಸೆಲ್‌ನಲ್ಲಿ ನಾಲ್ಕು ವರ್ಷ ಬೆವರು ಸುರಿಸಿ ಐದನೆಯದನ್ನು ಇಲ್ಲಿ ಕಳೆದರೆ ದ್ರೋಹ. ಈ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಈ ಗೋಳು ಇನ್ನೂ ವಿಚಿತ್ರವಾಗಿ ಕೇಳುತ್ತದೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಯಾವ ವೇಷಧಾರಿ ಯಾವ ಮೇಳಕ್ಕೆ ಎಂಬ ಚರ್ಚೆ ಮಳೆಗಾಲವಿಡೀ ಇರುತ್ತದೆ. ಮೇಳ ಬಿಟ್ಟವನನ್ನು ನಾಲ್ಕು ದಿನ ಬೈದು, ಐದನೇ ದಿನ ಅವನ ಹೊಸ ಮೇಳದ ಆಟಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತೇವೆ. ಹೊಸ ಜೋಡಿ ರಂಗದಲ್ಲಿ ಕೂಡುತ್ತದೋ ಇಲ್ಲವೋ ಎಂಬುದೊಂದೇ ಅಲ್ಲಿಯ ನಿಜವಾದ ಪ್ರಶ್ನೆ. ಅಲ್ಲೊಂದು ಅನುಕೂಲವಿದೆ, ಒಪ್ಪುತ್ತೇನೆ: ಪ್ರಸಂಗ ಎಲ್ಲರಿಗೂ ಗೊತ್ತು, ಭಾಗವತರು ಹಿಡಿದು ನಡೆಸುತ್ತಾರೆ, ನಿನ್ನೆ ಸೇರಿದವನೂ ಇವತ್ತು ನಿಭಾಯಿಸುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಥ ಹಂಚಿಕೊಂಡ ಪ್ರಸಂಗವಿಲ್ಲ. ಒಂಬತ್ತು ಕಾಲೇಜಿನಿಂದ ಬಂದವರು ಒಂಬತ್ತು ಬಗೆಯ ಆಟ ಕಲಿತು ಬಂದಿರುತ್ತಾರೆ. ಹಾಗಾದರೆ ಪೋಪ್ ಇವರನ್ನು ಯಾವುದರಿಂದ ಕಟ್ಟಿದರು ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ನಿಷ್ಠೆಯ ಬಗ್ಗೆ ಪ್ರಬಂಧ ಬರೆದರು.

ಎರಡನೆಯ ಪಂಗಡದವರು ಹೊಗಳಿದರು, ಆದರೆ ಅವರದು ಇನ್ನೊಂದು ಬಗೆಯ ಸೋಮಾರಿತನ. ಅವರ ಪ್ರಕಾರ ಇದು ದೂರದಿಂದ ಎಸೆಯುವ ತಂಡ, ಅಷ್ಟೆ. ಬ್ರೇಯಾ ಡೇಟನ್‌ನಲ್ಲಿ ಹಿಂದಿನ ವರ್ಷ ತ್ರೀ-ಪಾಯಿಂಟರ್‌ಗಳಲ್ಲಿ ನೂರಕ್ಕೆ 49.8ರಷ್ಟು ಹಾಕಿ ಇಡೀ ದೇಶಕ್ಕೇ ಮೊದಲಿಗನಾಗಿದ್ದ, ಜ್ಯಾಕ್ಸನ್ ರಾಬಿನ್ಸನ್ ಪೋಪ್ ಹಿಂದೆಯೇ ಅವರ ಹಳೆಯ ತಂಡ ಬಿವೈಯುನಿಂದ ಬಂದ, ಇನ್ನೇನು ಬೇಕು ಎಂಬ ಧಾಟಿ. ರೈಟ್ ಸ್ಟೇಟ್ ಎದುರು 103-62, ಬಕ್‌ನೆಲ್ ಎದುರು 100-72 ಬಂದಾಗ ಈ ಮಾತು ಗಟ್ಟಿಯಾಯಿತು. ಎಸೆಯುವವನಿದ್ದಾನೆ, ನಿಜ. ಆದರೆ ಅವನು ಯಾಕೆ ಪ್ರತಿಸಲವೂ ಒಂಟಿಯಾಗಿ, ಕಾಲೂರಿ, ಉಸಿರು ತೆಗೆದುಕೊಂಡು ಎಸೆಯುತ್ತಿದ್ದಾನೆ?

ಉತ್ತರ ವಿಲಿಯಮ್ಸ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವನು. ಡ್ರೆಕ್ಸೆಲ್‌ನಲ್ಲಿ ಮೂರು ಸಲ ತನ್ನ ಲೀಗಿನ ಶ್ರೇಷ್ಠ ಡಿಫೆಂಡರ್ ಎನಿಸಿಕೊಂಡವನು. ಹಾಗಾಗಿ ಎಲ್ಲರೂ ಅವನಿಂದ ಬ್ಲಾಕ್ ನಿರೀಕ್ಷಿಸಿದರು. ಪೋಪ್ ಅವನಿಂದ ಪಾಸ್ ಮಾಡಿಸಿದರು.

ನಡೆಯುವುದು ಇಷ್ಟು. ವಿಲಿಯಮ್ಸ್ ರಿಂಗಿನ ಕೆಳಗೆ ಹೋಗುವುದಿಲ್ಲ. ತ್ರೀ-ಪಾಯಿಂಟ್ ಗೆರೆಯ ಬಳಿ, ರಿಂಗಿಗೆ ಮುಖಮಾಡಿ ನಿಲ್ಲುತ್ತಾನೆ. ಗಾರ್ಡ್ ಚೆಂಡನ್ನು ಅವನಿಗೆ ಕೊಟ್ಟು ಮೂಲೆಯತ್ತ ಓಡುತ್ತಾನೆ. ಈಗ ವಿಲಿಯಮ್ಸ್ ಕೈಯಲ್ಲಿ ಚೆಂಡಿದೆ, ಡ್ರಿಬಲ್ ಮಾಡುತ್ತಿಲ್ಲ. ಎದುರು ತಂಡದ ಸೆಂಟರ್ ಅವನ ಮೇಲೆ ಬರುವುದೇ ಇಲ್ಲ, ಏಕೆಂದರೆ ವಿಲಿಯಮ್ಸ್ ಅಷ್ಟು ದೂರದಿಂದ ಎಸೆಯುವವನಲ್ಲ. ಎನ್‌ಬಿಎಯಲ್ಲಿರುವಂತೆ ಕಾಲೇಜು ಆಟದಲ್ಲಿ ಡಿಫೆಂಡರ್‌ಗೆ ಮೂರು ಸೆಕೆಂಡಿನ ನಿರ್ಬಂಧವಿಲ್ಲ, ಬೇಕಾದಷ್ಟು ಹೊತ್ತು ರಿಂಗಿನ ಮುಂದೆಯೇ ಬೀಡುಬಿಡಬಹುದು. ನೋಡುವವನಿಗೆ ಇದು ಕೆಂಟಕಿಯ ದೌರ್ಬಲ್ಯವಾಗಿ ಕಾಣುತ್ತದೆ: ಎಸೆಯಲಾರದವನ ಕೈಯಲ್ಲಿ ಚೆಂಡು, ಎದುರಾಳಿ ಆರಾಮವಾಗಿ ಒಳಗೆ.

ಅಷ್ಟರಲ್ಲಿ ಬ್ರೇಯಾ ಬದಿಯಿಂದ ವಿಲಿಯಮ್ಸ್ ಕಡೆಗೆ ಓಡಿಬರುತ್ತಾನೆ. ವಿಲಿಯಮ್ಸ್ ಚೆಂಡನ್ನು ಅವನ ಕೈಗೆ ಇಟ್ಟು, ಅದೇ ಹೆಜ್ಜೆಯಲ್ಲಿ ಬ್ರೇಯಾನನ್ನು ಹಿಂಬಾಲಿಸುವವನಿಗೆ ತನ್ನ ಮೈಯನ್ನು ಅಡ್ಡ ಕೊಡುತ್ತಾನೆ. ಬ್ರೇಯಾ ನಿಂತಲ್ಲೇ ಎಸೆಯುತ್ತಾನೆ. ಮುಂದೆ ಬಂದು ತಡೆಯಬೇಕಾದವನು ಯಾರು? ಎದುರು ತಂಡದ ಸೆಂಟರ್. ಅವನು ಎಲ್ಲಿದ್ದಾನೆ? ರಿಂಗಿನ ಮುಂದೆ, ಆರಾಮವಾಗಿ. ವಿಲಿಯಮ್ಸ್‌ನ ಎಸೆಯಲಾರದ ಕೈಯೇ ಬ್ರೇಯಾಗೆ ಜಾಗ ಮಾಡಿಕೊಟ್ಟಿತು. ದೌರ್ಬಲ್ಯವನ್ನು ಹೀಗೆ ಬಂಡವಾಳ ಮಾಡಿಕೊಂಡ ಉಪಾಯವನ್ನು ನಾನು ಕಾಲೇಜು ಆಟದಲ್ಲಿ ಇಷ್ಟು ನಿಚ್ಚಳವಾಗಿ ಕಂಡಿಲ್ಲ.

ಸರಿ, ಎರಡು ಸಲ ಪೆಟ್ಟು ತಿಂದ ಮೇಲೆ ಬ್ರೇಯಾನ ಬೆನ್ನು ಹತ್ತಿದವನು ಬುದ್ಧಿ ಕಲಿಯುತ್ತಾನೆ. ಚೆಂಡು ಕೈಗೆ ಬರುವ ಮುಂಚೆಯೇ ನಡುವೆ ನುಗ್ಗಿ ನಿಲ್ಲುತ್ತಾನೆ. ಆಗ ಬ್ರೇಯಾ ಒಂದು ಹೆಜ್ಜೆ ಮುಂದಿಟ್ಟಂತೆ ಮಾಡಿ ಅವನ ಬೆನ್ನ ಹಿಂದಿನಿಂದ ರಿಂಗಿನತ್ತ ಜಾರುತ್ತಾನೆ. ವಿಲಿಯಮ್ಸ್ ಅದಕ್ಕೇ ಕಾದಿರುತ್ತಾನೆ. ಎಡಗೈಯಿಂದ ನೆಲಕ್ಕೆ ತಾಗಿಸಿದ ಪಾಸ್, ಡಿಫೆಂಡರ್‌ನ ಕಾಲಿನ ಪಕ್ಕದಲ್ಲೇ. ಬಲಗೈ ಸೆಂಟರ್‌ಗಳನ್ನು ನೋಡಿ ಪಳಗಿದ ಡಿಫೆಂಡರ್ ಕೈ ಚಾಚುವುದು ತಪ್ಪು ಬದಿಗೆ. ಇನ್ನೊಂದು ಬದಿಯಲ್ಲಿ ಒವೇ. ದೂರದ ಎಸೆತ ಅವನ ಮೊದಲ ಅಸ್ತ್ರವಲ್ಲ, ಆದರೆ ಎಲ್ಲರೂ ಬ್ರೇಯಾನನ್ನು ನೋಡುತ್ತಿರುವ ಕ್ಷಣದಲ್ಲಿ ರಿಂಗಿಗೆ ನುಗ್ಗುವುದರಲ್ಲಿ ಅವನು ನಿಸ್ಸೀಮ. ಓಕ್ಲಹೋಮಾದಲ್ಲಿ ಸಾಧಾರಣ ಎನಿಸಿದ್ದ ಹುಡುಗ ಇಲ್ಲಿ ತಂಡದಲ್ಲೇ ಹೆಚ್ಚು ಪಾಯಿಂಟ್ ಗಳಿಸಿದವನಾದ. ಅವನು ಬದಲಾದದ್ದಕ್ಕಿಂತ ಅವನಿಗೆ ಚೆಂಡು ಬರುವ ದಾರಿ ಬದಲಾದದ್ದು ಹೆಚ್ಚು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪಾಸ್ ಕೂಡ ಅಲ್ಲ, ಪಾಸ್‌ಗೆ ಮುಂಚಿನ ತಡ. ಚೆಂಡು ಹಿಡಿದು ಒಂದು ಕ್ಷಣ, ಕೆಲವೊಮ್ಮೆ ಎರಡು ಕ್ಷಣ, ವಿಲಿಯಮ್ಸ್ ಏನೂ ಮಾಡುವುದಿಲ್ಲ. ಟಿವಿಯಲ್ಲಿ ನೋಡಿದರೆ ಮರೆತು ನಿಂತಂತಿದೆ. ಆ ಕ್ಷಣದಲ್ಲಿ ಉಳಿದ ನಾಲ್ವರೂ ಚಲಿಸುತ್ತಿರುತ್ತಾರೆ, ಅವರ ಬೆನ್ನು ಹತ್ತಿದ ನಾಲ್ವರು ಊಹಿಸುತ್ತಿರುತ್ತಾರೆ. ಮೊದಲು ತಪ್ಪು ಊಹಿಸಿದವನ ಕಡೆಗೆ ಚೆಂಡು ಹೋಗುತ್ತದೆ. ಐದು ತಿಂಗಳ ಹಿಂದೆ ಪರಸ್ಪರ ಮುಖ ನೋಡಿರದ ಹುಡುಗರು ಒಬ್ಬರಿಗೊಬ್ಬರು ಕಾಯುವುದನ್ನು ಕಲಿತದ್ದು ಈ ತಡದಲ್ಲಿ.

ಡ್ಯೂಕ್ ಪಂದ್ಯದ ಬಗ್ಗೆ ಬರೆದವರು ಹಿಡಿದದ್ದು ಕೊನೆಯ ಸೆಕೆಂಡುಗಳನ್ನು. ನವೆಂಬರ್ 12, ಅಟ್ಲಾಂಟಾ, 77-72. ಅರ್ಧಕ್ಕೆ ಒಂಬತ್ತು ಪಾಯಿಂಟ್ ಹಿಂದಿದ್ದ ತಂಡ ಗೆದ್ದಿತು. ದೇಶದ ಅತಿ ಹೆಸರಾಂತ ಹೊಸ ಹುಡುಗ ಕೂಪರ್ ಫ್ಲಾಗ್‌ನ ಕೈಯಿಂದ ಒವೇ ಚೆಂಡು ಕಿತ್ತ. ಒಳ್ಳೆಯ ದೃಶ್ಯ, ಯಾರಿಗೆ ಬೇಡ? ಆದರೆ ಚೆಂಡು ಕಿತ್ತದ್ದನ್ನು ತಂಡದ ಗುಣ ಎಂದು ಬರೆಯುವುದು ಅದೃಷ್ಟಕ್ಕೆ ಪ್ರಶಸ್ತಿಪತ್ರ ಕೊಟ್ಟಂತೆ. ಬಟ್ಲರ್ 2023ರ ಫೈನಲ್ ಫೋರ್‌ನಲ್ಲಿ ಕೊನೆಯ ಗಳಿಗೆಯ ಎಸೆತದಿಂದ ಸ್ಯಾನ್ ಡಿಯೆಗೊ ಸ್ಟೇಟನ್ನು ಗೆಲ್ಲಿಸಿದ್ದ, ಈ ತಂಡಕ್ಕೆ ಗೆಲ್ಲುವುದು ಗೊತ್ತು ಎಂದು ಅದನ್ನೂ ಜೊತೆಗೆ ಪೋಣಿಸಿದರು. ಇಪ್ಪತ್ತೊಂದು ದಿನದಲ್ಲಿ ಕ್ಲೆಮ್‌ಸನ್‌ನಲ್ಲಿ 70-66ರಿಂದ ಸೋತಾಗ ಗೆಲ್ಲುವುದು ಮರೆತುಹೋಯಿತೇನೋ.

ಡಿಫೆನ್ಸ್ ಬಗ್ಗೆ ಹೇಳದಿದ್ದರೆ ಪಕ್ಷಪಾತವಾದೀತು. ಕೆಟ್ಟದಾಗಿತ್ತು. ಮುಂದೆ ರಾಷ್ಟ್ರೀಯ ಚಾಂಪಿಯನ್ ಆದ ಫ್ಲಾರಿಡಾವನ್ನು ಸೋಲಿಸಿದ ಪಂದ್ಯದಲ್ಲೇ ನೂರು ಪಾಯಿಂಟ್ ಬಿಟ್ಟುಕೊಟ್ಟರು, ತಾವು 106 ಹಾಕಿದ್ದರಿಂದ ಬಚಾವಾದರು. ಮೈಗೆ ಮೈ ಒತ್ತಿ, ಒಬ್ಬರ ಜಾಗಕ್ಕೆ ಇನ್ನೊಬ್ಬರು ಬದಲಾಗುತ್ತಾ ಆಡುವ ತಂಡಗಳೆದುರು ವಿಲಿಯಮ್ಸ್‌ನ ತಡವೂ ಕೆಲವೊಮ್ಮೆ ಬರೀ ತಡವೇ ಆಯಿತು. ಟೆನೆಸ್ಸಿಯನ್ನು ಎರಡು ಸಲ ಸೋಲಿಸಿ ಮೂರನೆಯ ಸಲ, ರಾಷ್ಟ್ರೀಯ ಟೂರ್ನಿಯ ಕೊನೆಯ ಹದಿನಾರರ ಸುತ್ತಿನಲ್ಲಿ, 78-65ರಿಂದ ಸೋತು ಮನೆಗೆ ಬಂದರು. ಗಾಯಗಳ ಕಥೆಯೂ ಇದೆ: ಗಾರ್ಡ್ ಕೆರ್ ಕ್ರೀಸಾನ ಕಾಲು, ಬಟ್ಲರ್‌ನ ಭುಜ, ರಾಬಿನ್ಸನ್‌ನ ಮಣಿಕಟ್ಟು. ಅದನ್ನು ನೆಪವಾಗಿ ಮುಂದಿಡುವ ಮನಸ್ಸು ನನಗಿಲ್ಲ. ಕ್ಯಾಲಿಪಾರಿಯ ಅರ್ಕನ್ಸಾ ಫೆಬ್ರವರಿ 1ರಂದು ಕೆಂಟಕಿಯ ತವರಂಕಣ ರಪ್ ಅರೀನಾಕ್ಕೇ ಬಂದು 89-79ರಿಂದ ಗೆದ್ದು ಹೋದದ್ದಕ್ಕೂ ನೆಪ ಬೇಡ. ಆದರೆ ಹಳೆಯ ಆಟಗಾರನೊಬ್ಬನೂ ಇಲ್ಲದೆ ಶುರುವಾದ ತಂಡ 24 ಪಂದ್ಯ ಗೆದ್ದು, 2019ರ ನಂತರ ಮೊದಲ ಸಲ ಕೆಂಟಕಿಯನ್ನು ಹದಿನಾರರ ಸುತ್ತಿಗೆ ತಂದದ್ದು ಮೂರು ಪಾಯಿಂಟಿನ ಲಾಟರಿಯಿಂದ ಆಗುವ ಕೆಲಸವಲ್ಲ.

ಮರುವರ್ಷದ ಪಟ್ಟಿ ಬಂದಾಗಲೂ ಓದಿದ ರೀತಿ ಅದೇ. ಪಿಟ್ಸ್‌ಬರ್ಗ್‌ನಿಂದ ಜೇಲಂಡ್ ಲೋ, ಅಲಬಾಮಾದಿಂದ ಮೊ ಡಿಯೂಬಾಟೆ, ಚಾಂಪಿಯನ್ ಫ್ಲಾರಿಡಾದಿಂದಲೇ ಡೆಂಜೆಲ್ ಅಬರ್ಡೀನ್. ಈ ಸಲ ಕಾಲೇಜುಗಳು ದೊಡ್ಡವು, ಮೂಗು ಮುರಿಯಲು ಡ್ರೆಕ್ಸೆಲ್ ಇಲ್ಲ, ಹಾಗಾಗಿ ಬೇಸಿಗೆಯಲ್ಲೇ ಜೈಕಾರ. ಒವೇ ಉಳಿದಿದ್ದ. ವಿಲಿಯಮ್ಸ್ ಮತ್ತು ಬ್ರೇಯಾ ಇಬ್ಬರೂ ಎನ್‌ಬಿಎ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಆಯ್ಕೆಯಾಗಿ ಹೊರಟಿದ್ದರು. ಗೆರೆಯ ಬಳಿ ಚೆಂಡು ಹಿಡಿದು ನಿಲ್ಲುವವನು ಇನ್ನು ಯಾರು ಎಂದು, ನಾನು ಓದಿದ ಒಬ್ಬ ವಿಮರ್ಶಕನೂ ಕೇಳಲಿಲ್ಲ.